ಒಂದು ಫ್ರೇಮಿಗೆ ಎಷ್ಟು ರೂಪಾಯಿ?

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು, ಅಂದರೆ ಗೂಡು ಬೇಯಿಸಿ ನೂಲು ತೆಗೆಯುವ ಕಸುಬಿನವರು, ರಾಶಿಯಿಂದ ಒಂದು ಹಿಡಿ ಗೂಡನ್ನು ಎತ್ತಿ, ಒತ್ತಿ, ಕಿವಿಯ ಬಳಿ ಅಲುಗಿಸಿ ನೋಡುವಾಗ ಒಳಗೊಳಗೇ ಹಾಕುವ ಲೆಕ್ಕಕ್ಕೆ ರೆಂಡಿಟ್ಟಾ ಎಂದು ಹೆಸರು. ಒಂದು ಕೆ.ಜಿ. ಕಚ್ಚಾ ರೇಷ್ಮೆಗೆ ಎಷ್ಟು ಕೆ.ಜಿ. ಗೂಡು ಬೇಕಾಗುತ್ತದೆ ಎಂಬ ಸಂಖ್ಯೆಯೇ ರೆಂಡಿಟ್ಟಾ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಅದು ಆರು, ಆರೂವರೆಯ ಆಸುಪಾಸಿನಲ್ಲಿದ್ದರೆ ಮಿಶ್ರತಳಿಯಲ್ಲಿ ಏಳೂವರೆ, ಎಂಟಕ್ಕೂ ಹೋಗುತ್ತದೆ, ಸಂಖ್ಯೆ ಏರಿದಷ್ಟೂ ಕೊಂಡವನ ಕೈ ಕಚ್ಚುತ್ತದೆ. ಗೂಡಿನ ಗಾತ್ರವಾಗಲಿ ಹೊಳಪಾಗಲಿ ಈ ಲೆಕ್ಕವನ್ನು ಮೀರುವುದಿಲ್ಲ, ಏಕೆಂದರೆ ಹಣ ತೆರುವುದು ಗೂಡಿಗಾದರೂ ಕೊನೆಗೆ ಕೈಗೆ ಸಿಗಬೇಕಾದದ್ದು ನೂಲು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಕೂಡಿಸಿ 2007ರಲ್ಲಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಜಿಲ್ಲೆಯ ಮನೆಗಳಿಗೆ ಈಗ ಹೊಸದೊಂದು ಖರೀದಿಯ ಪ್ರಶ್ನೆ ಬಂದಿದೆ. ಕಾಲೇಜಿಗೆ ಹೋಗುವ ಮಕ್ಕಳೂ ಬಿಡದಿಯ ಕಾರ್ಖಾನೆಗಳಲ್ಲಿ ಮೊದಲ ಸಂಬಳ ಎಣಿಸುವ ಯುವಕರೂ ಬಯಸುವ ಗೇಮಿಂಗ್ ಕಂಪ್ಯೂಟರಿಗೆ 60 ಸಾವಿರ ಹಾಕುವುದೋ, ಒಂದೂವರೆ ಲಕ್ಷ ಹಾಕುವುದೋ, ನಾಲ್ಕು ಲಕ್ಷವನ್ನೇ ಹಾಕುವುದೋ ಎಂಬುದು ಆ ಪ್ರಶ್ನೆ. ಅಂಗಡಿಯವರು ಇದಕ್ಕೆ ‘ನಿಮ್ಮ ಬಜೆಟ್ ಹೇಳಿ’ ಎಂದು ಉತ್ತರ ಕೊಡುವುದು ವಾಡಿಕೆಯಾದರೂ, ಬಜೆಟ್ ಎಷ್ಟಿರಬೇಕು ಎಂಬುದೇ ಪ್ರಶ್ನೆಯಾದ ಕಾರಣ ಅದು ಉತ್ತರವಲ್ಲ. ರೀಲರಿನ ಲೆಕ್ಕ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗೇಮಿಂಗ್ ಕಂಪ್ಯೂಟರನ್ನು ಸಾಮಾನ್ಯ ಕಂಪ್ಯೂಟರಿನಿಂದ ಬೇರೆ ಮಾಡುವ ಭಾಗ ಗ್ರಾಫಿಕ್ಸ್ ಕಾರ್ಡ್, ಅಂದರೆ ಆಟದ ಪ್ರತಿಯೊಂದು ದೃಶ್ಯವನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಚಿತ್ರವಾಗಿಸುವ, ತನ್ನದೇ ಸಂಸ್ಕಾರಕವೂ ಸ್ಮೃತಿಯೂ ಇರುವ ಬಿಡಿ ಯಂತ್ರ. ಅದು ತಯಾರಿಸುವ ಒಂದೊಂದು ಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ. ಗೂಡಿನ ಮಾತಿನಲ್ಲಿ ಹೇಳುವುದಾದರೆ ಕಾರ್ಡು ಗೂಡು, ಫ್ರೇಮು ನೂಲು. ಆ ಫ್ರೇಮುಗಳು ಬಂದು ಬೀಳುವುದು ಮಾನಿಟರಿನ ಮೇಲಾದ್ದರಿಂದ ಎಷ್ಟು ನೂಲು ಬೇಕು ಎಂಬುದನ್ನು ನಿರ್ಧರಿಸುವುದೂ ಮಾನಿಟರೇ ಹೊರತು ಆಟಗಾರನ ಆಸೆಯಲ್ಲ. 1080ಪಿ ಎಂದು ಕರೆಯುವ ಪರದೆಯಲ್ಲಿ 1,920 ಅಡ್ಡಕ್ಕೆ 1,080 ಉದ್ದದಂತೆ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ. 1440ಪಿ ಪರದೆಯಲ್ಲಿ ಅದು 36.9 ಲಕ್ಷವಾಗುತ್ತದೆ, 4ಕೆ ಪರದೆಯಲ್ಲಿ 82.9 ಲಕ್ಷಕ್ಕೆ ಏರುತ್ತದೆ. ಪರದೆಯು ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸಬಲ್ಲದು ಎಂಬುದಕ್ಕೆ ಹರ್ಟ್ಸ್ ಎಂಬ ಅಳತೆಯಿದ್ದು, 60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡು ನಿಂತರೆ 144 ಹರ್ಟ್ಸ್ ಪರದೆಯಲ್ಲಿ 6.9 ಮಿಲಿಸೆಕೆಂಡು, 240 ಹರ್ಟ್ಸ್ ಪರದೆಯಲ್ಲಿ 4.2 ಮಿಲಿಸೆಕೆಂಡು ನಿಲ್ಲುತ್ತದೆ. ಮೊದಲ ಜಿಗಿತದಲ್ಲಿ ಉಳಿಯುವ ಸಮಯ ಸುಮಾರು ಹತ್ತು ಮಿಲಿಸೆಕೆಂಡು, ಎರಡನೆಯದರಲ್ಲಿ ಮೂರೂ ಇಲ್ಲ ಎಂಬುದನ್ನು ಗಮನಿಸಿದರೆ ಹಣದ ಲೆಕ್ಕ ಎತ್ತ ಸಾಗುತ್ತದೆ ಎಂಬುದು ತಿಳಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯಲ್ಲಿ ಹಾಸಿಗೆಯೆಂದರೆ ಆದಾಯ ಎಂದೇ ಎಲ್ಲರೂ ಅರ್ಥ ಮಾಡುತ್ತಾರಾದರೂ, ಗೇಮಿಂಗಿನಲ್ಲಿ ಪರದೆಯೂ ಒಂದು ಹಾಸಿಗೆ. 60 ಹರ್ಟ್ಸಿನ ಹಳೆಯ ಮಾನಿಟರಿಗೆ ಲಕ್ಷ ರೂಪಾಯಿಯ ಕಾರ್ಡು ಜೋಡಿಸುವವನ ಕಾಲು ಹಾಸಿಗೆಯ ಹೊರಗೇ ಇರುತ್ತದೆ.

ಇನ್ನು ಬೆಲೆ. ಎನ್‌ವಿಡಿಯಾ ಕಂಪನಿಯು 2025ರ ಆರಂಭದಲ್ಲಿ ಆರ್‌ಟಿಎಕ್ಸ್ 50 ಸರಣಿಯನ್ನು ಬಿಡುಗಡೆ ಮಾಡಿದಾಗ ಭಾರತಕ್ಕೆ ಘೋಷಿಸಿದ ಆರಂಭಿಕ ಬೆಲೆ 5070ಕ್ಕೆ 59,000, 5070 ಟಿಐಗೆ 80,000, 5080ಕ್ಕೆ 1,07,000 ಮತ್ತು 5090ಕ್ಕೆ 2,14,000 ರೂಪಾಯಿ. ಅಮೆರಿಕದಲ್ಲಿ 5090ರ ಬೆಲೆ 1,999 ಡಾಲರ್ ಆಗಿದ್ದು, ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 1,73,000 ರೂಪಾಯಿ. ಇಲ್ಲಿಯ ಬೆಲೆಯೊಳಗೆ ಶೇ 18ರ ಜಿಎಸ್‌ಟಿಯೇ ಸುಮಾರು 32,600 ರೂಪಾಯಿಯಷ್ಟು ಕುಳಿತಿರುತ್ತದೆ. ನೋಂದಾಯಿತ ಉದ್ಯಮವೊಂದು ತನ್ನ ವ್ಯವಹಾರಕ್ಕಾಗಿ ಇದೇ ಕಾರ್ಡನ್ನು ಕೊಂಡರೆ ಆ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಮರಳಿ ಹೊಂದಿಸಿಕೊಳ್ಳಬಹುದು, ಆಟಕ್ಕಾಗಿ ಕೊಳ್ಳುವ ಮನೆಗೆ ಆ ದಾರಿಯಿಲ್ಲ. ಗೂಡಿನ ಭಾಷೆಗೆ ಇಳಿಸಿದರೆ ಈ ಮೊತ್ತದ ಭಾರ ಇನ್ನೂ ಸ್ಪಷ್ಟವಾಗುತ್ತದೆ: 100 ಮೊಟ್ಟೆ, ಅಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆಯ ಗುಂಪುಗಳನ್ನು, ಸಾಕಿದ ರೈತನಿಗೆ 70 ಕೆ.ಜಿ. ಗೂಡು ಬಂದು, ಕೆ.ಜಿ.ಗೆ 600 ರೂಪಾಯಿ ಸಿಕ್ಕಿತೆಂದು ಇಟ್ಟುಕೊಂಡರೂ ಒಂದು ಬೆಳೆಯ ಹುಟ್ಟುವಳಿ 42,000 ರೂಪಾಯಿ, ಅಂದರೆ ಸೊಪ್ಪು, ಕೂಲಿ, ಚಾಕಿ ಎನ್ನುವ ಎಳೆ ಹುಳುವಿನ ಖರ್ಚು ಯಾವುದನ್ನೂ ಕಳೆಯದೆ ಐದು ಬೆಳೆಯ ಗೂಡನ್ನು ಪೂರ್ತಿಯಾಗಿ ಸುರಿದು, ಮೇಲೆ ಇನ್ನೂ ತುಸು ಸೇರಿಸಿದರೆ ಒಂದು 5090 ಕಾರ್ಡು ಬರುತ್ತದೆ. ಅದೂ ಕಾರ್ಡು ಮಾತ್ರ, ಕಂಪ್ಯೂಟರ್ ಅಲ್ಲ.

ಈಗ ರೆಂಡಿಟ್ಟಾ. 4ಕೆ ಪರದೆಯಲ್ಲಿ, ಭಾರವಾದ ಆಟಗಳಲ್ಲಿ, 5070 ಕೊಡುವ ಫ್ರೇಮುಗಳನ್ನು 100 ಎಂದು ಹಿಡಿದರೆ 5070 ಟಿಐ ಸ್ಥೂಲವಾಗಿ 125ರಿಂದ 130, 5080 ಸುಮಾರು 145ರಿಂದ 150, 5090 ಸುಮಾರು 220ರಷ್ಟು ಕೊಡುತ್ತವೆ. ಘೋಷಿತ ಬೆಲೆಯನ್ನು ಈ ಸಂಖ್ಯೆಗಳಿಂದ ಭಾಗಿಸಿದಾಗ ಒಂದು ಪಾಲು ಫ್ರೇಮಿಗೆ 5070ರಲ್ಲಿ 590, 5070 ಟಿಐಯಲ್ಲಿ ಸುಮಾರು 625, 5080ರಲ್ಲಿ ಸುಮಾರು 730, 5090ರಲ್ಲಿ ಸುಮಾರು 970 ರೂಪಾಯಿ ಬೀಳುತ್ತದೆ. ಮೊದಲ ಮೆಟ್ಟಿಲಿನಲ್ಲಿ ಬೆಲೆಗೆ ತಕ್ಕಂತೆ ಫ್ರೇಮೂ ಹೆಚ್ಚುಕಡಿಮೆ ಏರುತ್ತದೆ. 5070 ಟಿಐಯಿಂದ 5080ಕ್ಕೆ ಹೋಗುವಾಗ ಶೇ 34ರಷ್ಟು ಹೆಚ್ಚು ಹಣಕ್ಕೆ ಶೇ 15ರ ಆಸುಪಾಸಿನ ಲಾಭವಷ್ಟೇ ಸಿಗುತ್ತದೆ. 5080ರಿಂದ 5090ಕ್ಕೆ ಹೋಗುವವನು ಎರಡು ಪಟ್ಟು ತೆತ್ತು ಒಂದೂವರೆ ಪಟ್ಟು ತರುತ್ತಾನೆ. ಪರದೆ 4ಕೆ ಅಲ್ಲದೆ 1080ಪಿ ಆಗಿದ್ದರೆ ಈ ವ್ಯತ್ಯಾಸವೂ ಕರಗುತ್ತದೆ, ಏಕೆಂದರೆ ಆಗ ಕಾರ್ಡು ತನ್ನ ಕೆಲಸ ಮುಗಿಸಿ, ಆಟದ ತರ್ಕವನ್ನು ನಡೆಸುವ ಮುಖ್ಯ ಸಂಸ್ಕಾರಕಕ್ಕಾಗಿ ಕಾಯುತ್ತ ಕೂರುತ್ತದೆ. ಗೂಡು ಬೇಯಿಸುವ ಒಲೆ ಎಷ್ಟೇ ಚುರುಕಾಗಿದ್ದರೂ ನೂಲು ಸುತ್ತುವ ರಾಟೆ ನಿಧಾನವಾಗಿದ್ದರೆ ದಿನದ ನೂಲು ಹೆಚ್ಚದು ಎಂಬುದು ರಾಮನಗರದ ಯಾವ ರೀಲರಿಗೂ ಹೊಸ ಮಾತಲ್ಲ.

ಫ್ರೇಮಿನ ಲೆಕ್ಕದಲ್ಲಿ ಒಂದು ಮೋಸದ ಜಾಗವಿದ್ದು, ಅದನ್ನು ವಿವರಿಸಲು ರಾಮನಗರದ ಬಂಡೆಗಳ ನಡುವೆಯೇ ಚಿತ್ರೀಕರಣಗೊಂಡ ‘ಶೋಲೆ’ ಒದಗುತ್ತದೆ. 1975ರಲ್ಲಿ ತೆರೆಕಂಡ ಆ ಚಿತ್ರವನ್ನು ದೊಡ್ಡ ನಗರಗಳ ಪ್ರೇಕ್ಷಕರು 70 ಎಂ.ಎಂ. ಪರದೆಯ ಮೇಲೆ ನೋಡಿದರೂ, ಕ್ಯಾಮೆರಾದಲ್ಲಿ ಓಡಿದ್ದು 35 ಎಂ.ಎಂ. ಫಿಲ್ಮ್, ಸಣ್ಣ ಫಿಲ್ಮಿನ ಚಿತ್ರವನ್ನು ಆಮೇಲೆ ಹಿಗ್ಗಿಸಿ 70 ಎಂ.ಎಂ. ಪ್ರತಿಗಳನ್ನು ಮಾಡಲಾಗಿತ್ತು, ಮತ್ತು ಖಳನಾಯಕ ಗಬ್ಬರ್‌ನ ಬೆಟ್ಟ ಅದರಿಂದ ಯಾರಿಗೂ ಚಿಕ್ಕದಾಗಿ ಕಾಣಲಿಲ್ಲ. ಎನ್‌ವಿಡಿಯಾದ ಇಂದಿನ ಕಾರ್ಡುಗಳಲ್ಲಿರುವ ಡಿಎಲ್‌ಎಸ್‌ಎಸ್ ಎಂಬ ತಂತ್ರವೂ ಇದೇ ಜಾತಿಯದು: 4ಕೆ ಪರದೆಗೆ ಬೇಕಾದ ಚಿತ್ರವನ್ನು ಕಾರ್ಡು 1440ಪಿಯಲ್ಲೋ 1080ಪಿಯಲ್ಲೋ ಬಿಡಿಸಿಕೊಂಡು, ಉಳಿದ ಚುಕ್ಕೆಗಳನ್ನು ಕಲಿತ ಊಹೆಯಿಂದ ತುಂಬುತ್ತದೆ. ಇಷ್ಟರ ಮಟ್ಟಿಗೆ ಇದು ಉಳಿತಾಯದ ದಾರಿ, ಮಧ್ಯಮ ಬೆಲೆಯ ಕಾರ್ಡಿನವನಿಗೆ ವರವೇ ಸರಿ. ಆದರೆ ಬಿಡಿಸಿದ ಒಂದು ಫ್ರೇಮಿನ ಬೆನ್ನಿಗೆ ಮೂರರವರೆಗೂ ಕಲ್ಪಿತ ಫ್ರೇಮುಗಳನ್ನು ಸೇರಿಸುವ ಇನ್ನೊಂದು ಸೌಲಭ್ಯವನ್ನೂ ಕೂಡಿಸಿಕೊಂಡು, 549 ಡಾಲರಿನ 5070 ಕಾರ್ಡು ಹಿಂದಿನ ಪೀಳಿಗೆಯ 4090ಕ್ಕೆ ಸಮ ಎಂದು 2025ರ ಜನವರಿಯ ವೇದಿಕೆಯಲ್ಲಿ ಕಂಪನಿ ಹೇಳಿಕೊಂಡಾಗ ಲೆಕ್ಕ ತಪ್ಪುತ್ತದೆ. ಕಲ್ಪಿತ ಫ್ರೇಮು ಕಣ್ಣಿಗೆ ನುಣುಪು ತರುತ್ತದೆಯೇ ಹೊರತು ಬೆರಳು ಒತ್ತಿದ್ದಕ್ಕೆ ಆಟ ಪ್ರತಿಕ್ರಿಯಿಸುವ ವೇಗವನ್ನು ಹೆಚ್ಚಿಸುವುದಿಲ್ಲ. ಪೊರೆ ತೆಳುವಾದ ಗೂಡೂ ತಕ್ಕಡಿಯಲ್ಲಿ ತೂಗುತ್ತದೆ, ನೂಲಿನಲ್ಲಿ ಮಾತ್ರ ತೂಗುವುದಿಲ್ಲ.

ಆಡುವ ಆಟ ಯಾವುದು ಎಂಬುದನ್ನು ಕೇಳದೆ ಮೊತ್ತ ಹೇಳುವುದು ವ್ಯರ್ಥ. ಬಿಜಿಎಂಐ ಆಡುವವನಿಗೆ ಮೊಬೈಲ್ ಸಾಕು. ವ್ಯಾಲೊರೆಂಟ್, ಕೌಂಟರ್ ಸ್ಟ್ರೈಕ್ 2 ಮುಂತಾದ ಸ್ಪರ್ಧೆಯ ಆಟಗಳು ಹಗುರವಾಗಿದ್ದು, ಅಗ್ಗದ ಕಾರ್ಡಿನಲ್ಲೂ 1080ಪಿ ಪರದೆಗೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಫ್ರೇಮು ಕೊಡುತ್ತವೆ. ಅಲ್ಲಿ ಸೋಲು ಗೆಲುವನ್ನು ನಿರ್ಧರಿಸುವುದು ಪಿಂಗ್, ಅಂದರೆ ಮನೆಯ ಕಂಪ್ಯೂಟರಿನ ಸಂದೇಶ ಮುಂಬೈಯಲ್ಲಿರುವ ಸರ್ವರಿಗೆ ಹೋಗಿ ಮರಳಲು ಹಿಡಿಯುವ ಸಮಯ. ಸಾವನದುರ್ಗದ ಮಗ್ಗುಲಿನ ಹಳ್ಳಿಯೊಂದರಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡು ಆಡುವವನು ನಾಲ್ಕು ಲಕ್ಷ ಸುರಿದರೂ, ಮಾಗಡಿ ಪಟ್ಟಣದಲ್ಲಿ ಫೈಬರ್ ಸಂಪರ್ಕ ಹಾಕಿಸಿಕೊಂಡು 70 ಸಾವಿರದ ಕಂಪ್ಯೂಟರಿನಲ್ಲಿ ಆಡುವವನ ಮುಂದೆ ಹಿಂದೆಯೇ ಬೀಳುತ್ತಾನೆ. ದೊಡ್ಡ ಕಾರ್ಡು ನಿಜವಾಗಿ ಬೇಕಾಗುವುದು ಸೈಬರ್‌ಪಂಕ್ 2077ರಂಥ, ಬೆಳಕಿನ ಪ್ರತಿ ಕಿರಣದ ಹಾದಿಯನ್ನೂ ಲೆಕ್ಕ ಹಾಕುವ, ಒಬ್ಬನೇ ಕುಳಿತು ಆಡುವ ಆಟಗಳಿಗೆ. ಅವನ್ನು ವರ್ಷಕ್ಕೆ ಎರಡೋ ಮೂರೋ ಆಡುವ ಮನೆಗೆ ಟಿ.ವಿ.ಗೆ ಜೋಡಿಸುವ ಪ್ಲೇಸ್ಟೇಷನ್ ಸಾಕಾಗಬಹುದು ಎಂಬ ಮಾತನ್ನು ಗೇಮಿಂಗ್ ಕಂಪ್ಯೂಟರಿನ ಅಭಿಮಾನಿಗಳು ಇಷ್ಟಪಡುವುದಿಲ್ಲ, ಆದರೂ ಅದು ನಿಜ.

ಅಂಗಡಿಯ ಕೊಟೇಷನ್ ಚೀಟಿಯಲ್ಲಿ ಎಂದೂ ಕಾಣದ ಖರ್ಚು ಕರೆಂಟಿನದು. 5070 ಕಾರ್ಡು ಪೂರ್ಣ ದುಡಿಮೆಯಲ್ಲಿ 250 ವಾಟ್, 5080 ಕಾರ್ಡು 360 ವಾಟ್, 5090 ಕಾರ್ಡು 575 ವಾಟ್ ಎಳೆಯುತ್ತವೆ. ಸಂಸ್ಕಾರಕ, ಫ್ಯಾನು, ಮಾನಿಟರ್ ಸೇರಿದಾಗ ಮಧ್ಯಮ ಗೇಮಿಂಗ್ ಕಂಪ್ಯೂಟರು ಸುಮಾರು 500 ವಾಟ್ ಎಂದು ಹಿಡಿದರೆ ದಿನಕ್ಕೆ ನಾಲ್ಕು ಗಂಟೆಯ ಆಟಕ್ಕೆ ಎರಡು ಯೂನಿಟ್, ತಿಂಗಳಿಗೆ 60 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಆರೇಳು ರೂಪಾಯಿಯಂತೆ ಇದು ನಾನೂರು ರೂಪಾಯಿಯ ಮಾತು, ದೊಡ್ಡದಲ್ಲ ಎಂದು ತೋರಬಹುದು. ಆದರೆ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಮಿತಿಯನ್ನು ಆ ಮನೆಯ 2022–23ರ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇ 10 ಸೇರಿಸಿ ಗೊತ್ತುಪಡಿಸಲಾಗಿದ್ದು, ಮಿತಿ ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಹಿಂದೆ ಸರಾಸರಿ 90 ಯೂನಿಟ್ ಬಳಸುತ್ತಿದ್ದ ಮನೆಗೆ ಹೊಸ ಕಂಪ್ಯೂಟರಿನಿಂದ ಐವತ್ತು ಚಿಲ್ಲರೆ ಯೂನಿಟ್ಟಿನ ಬಿಲ್ ಬರುತ್ತದೆ. 150 ಯೂನಿಟ್ ಬಳಸುತ್ತಿದ್ದ ಮನೆ ಮಾತ್ರ 210ಕ್ಕೆ ಏರಿ, ಶೂನ್ಯ ಬಿಲ್ಲಿನಿಂದ ಒಮ್ಮೆಗೇ ಸಾವಿರದ ಮುನ್ನೂರು ನಾನೂರು ರೂಪಾಯಿಯನ್ನೂ ಮೀರುವ ಬಿಲ್ಲಿಗೆ ಬೀಳುತ್ತದೆ. ಆಗ ಕಂಪ್ಯೂಟರ್ ಕೊಡಿಸಿದ ತಂದೆಗೂ ಮೀಟರ್ ಓದುವವನಿಗೂ ಬಾಗಿಲಲ್ಲಿ ನಡೆಯುವ ಮಾತುಕತೆ ಊಹೆಗೆ ಬಿಟ್ಟದ್ದು.

ಬಿಲ್ಲಿಗಿಂತ ವೈರಿಂಗಿನ ವಿಷಯ ಹೆಚ್ಚು ಗಂಭೀರ. ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆದಾಗ ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ಕುಸಿದು ಟ್ಯೂಬ್‌ಲೈಟು ಮಿಣುಗುವುದು ಈ ತಾಲ್ಲೂಕುಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಕಂಪ್ಯೂಟರಿಗೆ ವಿದ್ಯುತ್ತನ್ನು ಇಳಿಸಿ ಹಂಚುವ ಪೆಟ್ಟಿಗೆಗೆ ಕಂಪ್ಯೂಟರ್ ಅಂಗಡಿಗಳಲ್ಲಿ ಎಸ್‌ಎಂಪಿಎಸ್ ಎನ್ನುತ್ತಾರೆ. ಅದರಲ್ಲಿ ಸಾವಿರ ರೂಪಾಯಿ ಉಳಿಸಲು ಹೋಗಿ ಲಕ್ಷದ ಕಾರ್ಡನ್ನು ಸುಟ್ಟುಕೊಳ್ಳುವುದು ಸಾಮಾನ್ಯ. ಮನೆಗೆ ಅರ್ತಿಂಗ್ ಸರಿಯಿಲ್ಲದಿದ್ದರೆ ಎಸ್‌ಎಂಪಿಎಸ್‌ನ ಒಳಗಿರುವ ಶೋಧಕ ಕೆಪಾಸಿಟರುಗಳ ಮೂಲಕ ಲೈನಿನ ವೋಲ್ಟೇಜಿನ ಅರ್ಧದಷ್ಟು ಕ್ಯಾಬಿನೆಟ್ಟಿನ ತಗಡಿನ ಮೇಲೆ ಬಂದು ನಿಲ್ಲುತ್ತದೆ, ಬರಿಗಾಲಲ್ಲಿ ಸಿಮೆಂಟು ನೆಲದ ಮೇಲೆ ನಿಂತು ಅದನ್ನು ಮುಟ್ಟಿದಾಗ ಬೆರಳಿನ ತುದಿಯಲ್ಲಿ ಜುಮ್ಮೆನ್ನುವುದು ಇದೇ ಕಾರಣಕ್ಕೆ. ಅದಕ್ಕೆ ಮದ್ದು ಕಂಪ್ಯೂಟರಿನಲ್ಲಿಲ್ಲ, ಹಿತ್ತಿಲಿನಲ್ಲಿ ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಅರ್ತ್ ಗುಂಡಿಯಲ್ಲಿದೆ. ಮನೆಯ ಇನ್ವರ್ಟರನ್ನೇ ನೆಚ್ಚುವುದೂ ಅಪಾಯ: 900 ವಿಎ ಎಂದು ಬರೆದಿರುವ ಪೆಟ್ಟಿಗೆಯ ನಿಜವಾದ ಸಾಮರ್ಥ್ಯ ಏಳುನೂರು ವಾಟ್‌ಗೆ ತುಸು ಹೆಚ್ಚು ಕಡಿಮೆ ಇರುತ್ತದೆ, ಫ್ಯಾನು ದೀಪಗಳ ಜೊತೆಗೆ ಗೇಮಿಂಗ್ ಕಂಪ್ಯೂಟರ್ ಸೇರಿದೊಡನೆ ಅದು ಟ್ರಿಪ್ ಆಗುತ್ತದೆ, ಇನ್ವರ್ಟರು ಸ್ಕ್ವೇರ್ ವೇವ್ ಜಾತಿಯದಾದರೆ ಒಳ್ಳೆಯ ಎಸ್‌ಎಂಪಿಎಸ್‌ಗಳೇ ಅದನ್ನು ಒಪ್ಪುವುದಿಲ್ಲ. ಎಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆಗೇ ಬರುವುದರಿಂದ, ಐನೂರು ವಾಟಿನ ಕಂಪ್ಯೂಟರು ಮಾಗಿಯ ಚಳಿಯಲ್ಲಿ ಚಾಕಿ ಮನೆಗೆ ಇಡುವ ಹೀಟರಿನ ಕೆಲಸ ಮಾಡೀತು. ಏಪ್ರಿಲ್ ತಿಂಗಳಲ್ಲಿ ಶೀಟಿನ ಮನೆಯೊಳಗೆ ಅದೇ ಶಾಖವನ್ನು ಮನುಷ್ಯರು ಸಹಿಸಬೇಕಾಗುತ್ತದೆ. ಚನ್ನಪಟ್ಟಣದ ಲೇತಿನ ಮನೆಗಳಲ್ಲಿ ಮರದ ನುಣ್ಣನೆಯ ಹೊಟ್ಟು, ಕನಕಪುರದ ಕಲ್ಲು ಕೆಲಸದ ಆಸುಪಾಸಿನಲ್ಲಿ ಕಲ್ಲಿನ ಧೂಳು ಫ್ಯಾನಿನ ಮೂಲಕ ಒಳಸೇರಿ ಶಾಖವನ್ನು ಇನ್ನಷ್ಟು ಹಿಡಿದಿಡುತ್ತವೆ.

ಕೊಳ್ಳುವ ಜಾಗ ಬಹುಪಾಲಿಗೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್‌.ಪಿ. ರೋಡ್. ರಾಮನಗರ, ಚನ್ನಪಟ್ಟಣದವರಿಗೆ ಮೈಸೂರು ಮಾರ್ಗದ ರೈಲಿದೆ. ಕನಕಪುರದವರು ಬಸ್ಸಿನಲ್ಲಿ ಬಂದು, 2021ರಿಂದ ರೇಷ್ಮೆ ಸಂಸ್ಥೆಯವರೆಗೆ ಓಡುತ್ತಿರುವ ಮೆಟ್ರೊ ಹತ್ತಬಹುದು. ಮಾಗಡಿಯವರಿಗೆ ಬಸ್ಸೇ ಗತಿ. ಅಲ್ಲಿ ಸಿಗುವ ಕೊಟೇಷನ್ ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಲೇಸು, ಏಕೆಂದರೆ ಮೊತ್ತ ಉಬ್ಬುವುದು ಮೇಲಿನ ಸಂಸ್ಕಾರಕ, ಕಾರ್ಡುಗಳ ಸಾಲಿನಲ್ಲಲ್ಲ, ಕೆಳಗಿನ ಬಣ್ಣದ ದೀಪದ ಫ್ಯಾನು, ಗಾಜಿನ ಕ್ಯಾಬಿನೆಟ್, ನೀರಿನ ಕೂಲರುಗಳ ಸಾಲಿನಲ್ಲಿ. ಇವು ಮೂರೂ ಸೇರಿ ಇಪ್ಪತ್ತೈದು ಸಾವಿರ ನುಂಗಿದರೂ ಫ್ರೇಮಿನ ಸಂಖ್ಯೆ ಬಹುತೇಕ ಇದ್ದಲ್ಲೇ ಇರುತ್ತದೆ. ಬಿಲ್ಲಿನ ಮೇಲೆ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಇದ್ದರೆ ಮಾತ್ರ ವಾರಂಟಿಯ ಮಾತು ನಿಲ್ಲುತ್ತದೆ. ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀನಿ’ ಎಂಬ ಮಾತಿಗೆ ಒಪ್ಪಿ ಉಳಿಸುವ ಶೇ 18 ಮೂರು ವರ್ಷದ ಭದ್ರತೆಯನ್ನು ಮಾರಿ ಪಡೆದ ಬೆಲೆಯೆಂದು ತಿಳಿಯಬೇಕು.

ಚನ್ನಪಟ್ಟಣದಲ್ಲಿ ಈ ಚರ್ಚೆಗೆ ಇನ್ನೊಂದು ಮುಖವಿದೆ. ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಬೊಂಬೆಗೆ ಬಣ್ಣ ಕೊಡುವ ಕುಶಲಕರ್ಮಿ ಕೈ ಲೇತು ಬಿಟ್ಟು ಕರೆಂಟಿನ ಲೇತಿಗೆ ಹಣ ಹಾಕಿದಾಗ ಆ ಹಣ ಬೊಂಬೆಯಾಗಿ ಮರಳಿತು. ಆಟಿಕೆಯ ಊರಿನಲ್ಲಿ ಆಟದ ಯಂತ್ರವನ್ನೂ ಅದೇ ಮಾತಿನಲ್ಲಿ ಸಮರ್ಥಿಸುವುದು ಸುಲಭ: ಓದಿಗೆ ಬೇಕು, ವಿನ್ಯಾಸ ಕಲಿಯಬೇಕು, ವಿಡಿಯೊ ಸಂಕಲನದಿಂದ ಸಂಪಾದಿಸಬಹುದು. ಈ ಮಾತುಗಳಲ್ಲಿ ಸುಳ್ಳಿಲ್ಲ. ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಬೊಂಬೆಯ ಮಾದರಿಯನ್ನು ಮೂರು ಆಯಾಮದಲ್ಲಿ ರೂಪಿಸುವವರಿಗೆ ದೊಡ್ಡ ಕಾರ್ಡು ಗಂಟೆಗಳನ್ನೇ ಉಳಿಸುತ್ತದೆ. ಆದರೆ ಪರೀಕ್ಷೆ ಒಂದೇ: ಆ ಕೆಲಸ ಈಗಿರುವ ಹಳೆಯ ಕಂಪ್ಯೂಟರಿನಲ್ಲಿ, ನಿಧಾನವಾಗಿಯಾದರೂ, ಆಗಲೇ ನಡೆಯುತ್ತಿದೆಯೇ? ನಡೆಯುತ್ತಿದ್ದರೆ ಹೊಸದು ಲೇತು, ಇಲ್ಲದಿದ್ದರೆ ಬೊಂಬೆ; ಬೊಂಬೆ ಕೊಳ್ಳುವುದು ತಪ್ಪಲ್ಲ, ಲೇತೆಂದು ಹೇಳಿ ಸಾಲ ತೆಗೆಯುವುದು ತಪ್ಪು. ಆಟದಿಂದಲೇ ಹಣ ಗಳಿಸುವೆನೆಂಬ ವಾದಕ್ಕೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಗೆರೆ ಎಳೆದಿದೆ: ಇ–ಕ್ರೀಡೆಗೆ ಮಾನ್ಯತೆ ಕೊಟ್ಟು, ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸಿದೆ. ಸಾಲದ ಲೆಕ್ಕವೂ ಹೀಗಿದೆ: ಎರಡು ಲಕ್ಷವನ್ನು ಶೇ 16ರ ಬಡ್ಡಿಯಲ್ಲಿ ಎರಡು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 9,800, ಒಟ್ಟು ಬಡ್ಡಿ ಸುಮಾರು 35,000 ರೂಪಾಯಿ, ಅಂದರೆ ಬಡ್ಡಿಯೊಂದಕ್ಕೇ ಒಂದು ಬೆಳೆಯ ಗೂಡಿನ ಬಹುಪಾಲು ಹೋಗುತ್ತದೆ.

ಈ ಕಂತು ಮುಗಿಯುವುದರೊಳಗೆ ಕಾರ್ಡು ಹಳತಾಗಿರುತ್ತದೆ. 2022ರ ಮಾರ್ಚಿನಲ್ಲಿ 1,999 ಡಾಲರಿಗೆ ಬಂದ 3090 ಟಿಐ ಕಾರ್ಡಿನ ಶಕ್ತಿಗೆ 1440ಪಿಯಲ್ಲಿ ಹೆಚ್ಚುಕಡಿಮೆ ಸಮನಾದ 4070 ಟಿಐ 2023ರ ಜನವರಿಯಲ್ಲಿ 799 ಡಾಲರಿಗೆ ಬಂತು. ಹತ್ತೇ ತಿಂಗಳು ಮೊದಲು ಕೊಂಡವನು ಎರಡೂವರೆ ಪಟ್ಟು ತೆತ್ತಿದ್ದ. ಹಾಗೆಂದು ಕಾಯುವುದೇ ಜಾಣತನವೆಂದೂ ಇಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಸ್ಮೃತಿ ಚಿಪ್ಪುಗಳನ್ನು ಬಾಚಿಕೊಂಡದ್ದರಿಂದ ರ‍್ಯಾಮಿನ ಬೆಲೆ ಎರಡು ಪಟ್ಟನ್ನೂ ಮೀರಿ ಹಾರಿತು, ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಗೂಡಿನ ದರ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಆಗುವುದನ್ನು ಕಂಡ ಜಿಲ್ಲೆಗೆ ಇದರಲ್ಲಿ ಬೆರಗಿಲ್ಲ.

ಹಾಗಾದರೆ ಮೊತ್ತವೆಷ್ಟು? ಸ್ಪರ್ಧೆಯ ಆಟಗಳಷ್ಟನ್ನೇ ಆಡುವ ಮನೆಗೆ 144 ಹರ್ಟ್ಸಿನ 1080ಪಿ ಪರದೆಯೊಂದಿಗೆ 70–80 ಸಾವಿರದ ಆಚೆ ಹೋಗಲು ಕಾರಣ ಕಾಣುವುದಿಲ್ಲ. ಭಾರವಾದ ಆಟಗಳ ರುಚಿ ಹತ್ತಿದವನಿಗೆ 1440ಪಿ ಪರದೆಯೂ 5070 ಅಥವಾ 5070 ಟಿಐ ದರ್ಜೆಯ ಕಾರ್ಡೂ ಸೇರಿ, ರ‍್ಯಾಮಿನ ಅಂದಿನ ದರಕ್ಕೆ ತಕ್ಕಂತೆ, ಒಂದೂವರೆ ಲಕ್ಷದಿಂದ ಎರಡು ಲಕ್ಷದ ನಡುವೆ ಮುಗಿಯಬೇಕು. ಅದರ ಮೇಲಿನದು ಸಿರಿವಂತರ ಹವ್ಯಾಸ. 5080ಕ್ಕೆ ಕೈ ಚಾಚದೆ 5070 ಟಿಐಯಲ್ಲೇ ನಿಂತವನ ಬಳಿ, ಘೋಷಿತ ಬೆಲೆಯ ಲೆಕ್ಕದಲ್ಲಿ, 27,000 ರೂಪಾಯಿ ಉಳಿಯುತ್ತದೆ; ಹಿತ್ತಿಲಿನಲ್ಲಿ ಒಂದು ಅರ್ತ್ ಗುಂಡಿ ತೋಡಿಸಲು, ಸೈನ್ ವೇವ್ ಜಾತಿಯ ಒಂದು ಯುಪಿಎಸ್ ತರಲು ಅಷ್ಟು ಸಾಕು, ಚನ್ನಪಟ್ಟಣದಿಂದ ಎಸ್‌.ಪಿ. ರೋಡಿಗೆ ಎರಡು ಸಲ ರೈಲಿನಲ್ಲಿ ಹೋಗಿ ಬರುವ ಖರ್ಚೂ ಅದರಲ್ಲೇ ಕಳೆಯುತ್ತದೆ.